ಸದ್ದು ಸರಿಯಾಗಿತ್ತು

ಮತ್ತೆ ತುರಿಕೆ, ಮೂರನೆಯ ಪಟ್ಟಿಯ ಕೆಳಗೆ, ಎಡ ಪಕ್ಕೆಲುಬಿನ ಮೇಲೆ ಕೂದಲು ಬೋಳಿಸಿ ಅಂಟಿಸಿದ ಜಾಗದಲ್ಲಿ, ಕೆರೆಯಬೇಡಿ ಅಂಕಲ್, ಕೆರೆದ್ರೆ ವೈರು ಕಳಚಿಕೊಳ್ಳುತ್ತೆ, ಕಳಚಿದ್ರೆ ಇಡೀ ದಿನದ್ದು ದಂಡ, ಇನ್ನೊಂದು ಸಲ ಹಾಕಿಸ್ಕೋಬೇಕಾಗುತ್ತೆ ಅಂದಿದ್ದಳು ಆಸ್ಪತ್ರೆಯ ಆ ಹುಡುಗಿ, ನಿನ್ನೆ ಹನ್ನೊಂದು ಗಂಟೆಗೆ, ಐದು ಪಟ್ಟಿ, ಐದು ವೈರು, ಕೊರಳಿಗೆ ಎದೆಬಡಿತ ಬರೆದುಕೊಳ್ಳುವ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ, ಡಬ್ಬಿಯ ಮೇಲೊಂದು ನೀಲಿ ಬಟನ್ನು, ಎದೆಯಲ್ಲಿ ಏನಾದರೂ ಆದರೆ ಅದನ್ನು ಒತ್ತಬೇಕು, ಒತ್ತಿ ಅವಳು ಕೊಟ್ಟ ಪುಟ್ಟ ಪುಸ್ತಕದಲ್ಲಿ ಬರೆಯಬೇಕು, ಎಷ್ಟು ಗಂಟೆ, ಏನು ಮಾಡುತ್ತಿದ್ದೆ, ಏನಾಯಿತು — ಈಗ ಒಂಬತ್ತು ಇಪ್ಪತ್ತು, ಏಳು ಮಹಡಿಯ ಕಟ್ಟಡದ ಪಂಪಿನ ಕೋಣೆ, ಹದಿನಾಲ್ಕು ಮೆಟ್ಟಿಲು ನೆಲದ ಕೆಳಗೆ, ತುರಿಕೆ ಆಯಿತು ಅಂತ ಬರೆಯಲೇ, ಬರೆದರೆ ನಗುತ್ತಾಳೆ, ನಗಲಿ ಪಾಪ, ದಿನವಿಡೀ ಗಂಡಸರ ಎದೆ ಬೋಳಿಸುವ ಕೆಲಸ ಅವಳದು, ನಗುವುದಕ್ಕೆ ಏನಾದರೂ ಬೇಕಲ್ಲ. ಎರಡನೇ ಪಂಪಿಗೆ ಹೊಸ ಬೇರಿಂಗು ಕೂರಿಸಿಯಾಯಿತು, ಬೋಲ್ಟು ಬಿಗಿದಾಯಿತು, ನೀರು ಕುಡಿಸಿ ಒಳಗಿನ ಗಾಳಿ ಹೊರಗೆ ಬಿಟ್ಟಾಯಿತು, ಸ್ವಿಚ್ಚು ಹಾಕಿದ್ದೇನೆ, ಓಡುತ್ತಿದೆ, ಇನ್ನು ಕಿವಿಗೊಟ್ಟು ಕೇಳುವುದೊಂದು ಬಾಕಿ, ಉದ್ದ ಸ್ಕ್ರೂಡ್ರೈವರಿನ ತುದಿ ಬೇರಿಂಗಿನ ಮೇಲೆ, ಹಿಡಿ ಎಡಕಿವಿಯ ಮುಂದಿನ ಮೂಳೆಗೆ, ಕಣ್ಣು ಮುಚ್ಚಬೇಕು, ಮೂವತ್ತೊಂದು ವರ್ಷದಿಂದ ಹೀಗೇ, ಒಳಗೆ ಒಂದು ಗುಂಡು ಸವೆದಿದ್ದರೂ ಮರಳು ಜಗಿದ ಹಾಗೆ ಕೇಳಿಸುತ್ತದೆ, ಈಗ ಮರಳಿಲ್ಲ, ಒಂದೇ ಸಮನೆ, ನುಣ್ಣಗೆ, ಸದ್ದು ಸರಿಯಾಗಿದೆ. ಸದ್ದು ಸರಿಯಾಗಿದೆ ಅಂತ ಬಾಯಲ್ಲಿ ಹೇಳುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು, ಈಗ ಬರೀ ತಲೆ ಆಡಿಸುತ್ತೇನೆ, ಪಂಪಿಗೆ ಅಷ್ಟು ಸಾಕು.

ಈ ಡಬ್ಬಿ ಕೊರಳಿಗೆ ಬಿದ್ದದ್ದು ಎರಡು ವಾರದ ಹಿಂದೆ ಒಂದು ತಾರಸಿಯಲ್ಲಿ ಆದದ್ದರಿಂದ, ಟ್ಯಾಂಕಿನ ಮುಚ್ಚಳ ಎತ್ತುವಾಗ ಎದೆಯೊಳಗೆ ಯಾರೋ ಒಂದು ಮೆಟ್ಟಿಲು ತಪ್ಪಿಸಿ ಇಳಿದ ಹಾಗಾಯಿತು, ಒಂದು ಬಡಿತ ಇಲ್ಲ, ಆಮೇಲೆ ಎರಡು ಒಟ್ಟಿಗೆ, ಕಣ್ಣ ಮುಂದೆ ಬೂದಿ ಬಣ್ಣ, ಮುಚ್ಚಳದ ಮೇಲೇ ಕೂತುಕೊಂಡೆ, ಅಲ್ಲಿ ಯಾರೂ ಇರಲಿಲ್ಲ, ಪಾರಿವಾಳ ಇತ್ತು ಒಂದು. ಡಾಕ್ಟರು ಹತ್ತು ಸೆಕೆಂಡಿನ ಇ.ಸಿ.ಜಿ. ತೆಗೆದರು, ಇದರಲ್ಲಿ ಎಲ್ಲ ಸರಿ ಇದೆ, ಆದರೆ ಹತ್ತು ಸೆಕೆಂಡಿಗೆ ಸಿಗೋ ಕಳ್ಳ ಅಲ್ಲ ಇದು, ಒಂದು ದಿನ ಪೂರ್ತಿ ಕಾಯೋಣ ಅಂದರು, ಬಿ.ಪಿ. ಮಾತ್ರೆ ತಗೋತಿದೀರಾ ಅಂದರು, ತಗೋತಿದ್ದೆ, ತಲೆನೋವು ಹೋಯ್ತಲ್ಲ, ನಿಲ್ಲಿಸಿದೆ ಅಂದೆ, ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು, ನೀವು ಪಂಪಿಗೆ ಗ್ರೀಸು ಹಾಕೋದು ಅದು ಕಿರುಚಿದ ಮೇಲಾ ಅಂದರು — ಕಿರುಚೋವರೆಗೆ ಬಿಟ್ಟರೆ ಅವನು ಮೆಕ್ಯಾನಿಕ್ಕೇ ಅಲ್ಲ ಅಂತ ನನ್ನ ಬಾಯಿಂದಲೇ ಹೇಳಿಸಿದರು, ಬುದ್ಧಿವಂತರು, ಆಮೇಲೆ ಮನೆಯಲ್ಲಿ ಯಾರಿದಾರೆ ಅಂದರು, ಯಾರೂ ಇಲ್ಲ ಅಂದೆ, ಪೆನ್ನು ಮತ್ತೆ ಎತ್ತಿಕೊಂಡು ಏನೋ ಬರೆದರು. ಪುಸ್ತಕ ಕೊಡುವಾಗ ಹುಡುಗಿ ಹೇಳಿದಳು, ಮೆಟ್ಟಿಲು ಹತ್ತಿದ್ರೆ ಬರೀರಿ, ಊಟ ಮಾಡಿದ್ರೆ ಬರೀರಿ, ನಕ್ಕರೆ, ಅತ್ತರೆ, ಜಗಳ ಆಡಿದ್ರೆ ಎಲ್ಲಾ ಬರೀರಿ, ಯಾರ ಜೊತೆ ಆಡಲಮ್ಮಾ ಅಂದೆ, ನನ್ನ ಜೊತೆ ಆಡಿ ಅಂಕಲ್, ನಾಳೆ ಹನ್ನೊಂದಕ್ಕೆ ಬರೋದು ಹತ್ತು ನಿಮಿಷ ಲೇಟಾಗಿ ಬನ್ನಿ, ತಾನಾಗೇ ಆಗುತ್ತೆ ಅಂದಳು. ನಿನ್ನೆ ರಾತ್ರಿ ಪುಸ್ತಕ ಬಿಚ್ಚಿ ನೋಡುತ್ತೇನೆ, ಹನ್ನೆರಡು ಹತ್ತು ನಡೆದೆ, ಒಂದು ಗಂಟೆ ಊಟ, ಎರಡು ಗಂಟೆ ಕೆಲಸ, ಆರು ಗಂಟೆ ಮನೆ, ಆರೂವರೆ ಟೀ, ಏಳು ಗಂಟೆ ಕೂತಿದ್ದೆ, ಎಂಟು ಗಂಟೆ ಕೂತಿದ್ದೆ, ಒಂದು ದಿನದ ಬದುಕು ಏಳು ಸಾಲು, ಏಳರಲ್ಲಿ ಎರಡು ಕೂತಿದ್ದೆ, ನಾಚಿಕೆಯಾಯಿತು, ಹುಡುಗಿ ಓದುತ್ತಾಳಲ್ಲ, ಎಂಟೂಕಾಲು ನಕ್ಕೆ ಅಂತ ಒಂದು ಸಾಲು ಸೇರಿಸಿದೆ, ಸುಳ್ಳು, ಡಬ್ಬಿಗೆ ಗೊತ್ತಾಗುತ್ತದೋ ಏನೋ, ಗೆರೆಯಲ್ಲಿ ನಗು ಕಾಣದೆ ಸಿಕ್ಕಿಬಿದ್ದರೆ — ಆಗ ಸ್ವಲ್ಪ ನಗು ಬಂತು ನಿಜಕ್ಕೂ, ಹಾಗಾಗಿ ಎಂಟು ಹದಿನೇಳು ಅಂತ ತಿದ್ದಿದೆ.

ಸ್ಕ್ರೂಡ್ರೈವರಿನ ಹಿಡಿ ತುಂಬ ಹೊತ್ತು ಒತ್ತಿಟ್ಟುಕೊಂಡೆ ಅಂತ ಕಾಣುತ್ತದೆ, ದವಡೆ ನೋಯುತ್ತಿದೆ, ಎಡಗಡೆ, ಮೂಳೆ ಪೂರ್ತಿ, ಹಲ್ಲಿನ ಬೇರಿನಲ್ಲಿ ಹಿಂಡಿದ ಹಾಗೆ, ಕೆಳಗಿಡುತ್ತೇನೆ, ಬೋಲ್ಟು ಬಿಗಿಯುವಾಗ ಭುಜ ಹಿಡಿದಿತ್ತು, ಅದಕ್ಕೇ ಇರಬೇಕು ಎದೆಯ ನಡುವೆಯೂ ಒಂದು ಭಾರ, ನೋವಲ್ಲ, ನೋವು ಅನ್ನುವ ಹಾಗಿಲ್ಲ, ಉಪಕರಣದ ಪೆಟ್ಟಿಗೆಯನ್ನು ಎದೆಯ ಮೇಲಿಟ್ಟು ಅದನ್ನು ಮರೆತು ಹೋದ ಹಾಗೆ, ಬೆಳಿಗ್ಗೆ ಬ್ರೆಡ್ಡು ನಿಂತಲ್ಲೇ ತಿಂದೆ, ಗಾಳಿ ನುಂಗಿರುತ್ತೇನೆ. ನೀಲಿ ಬಟನ್ನು ಒತ್ತಿದೆ, ಕಿಂಯ್ ಅಂತು, ಒಂಬತ್ತು ಇಪ್ಪತ್ತೈದು, ಪಂಪಿನ ಕೆಲಸ, ಎದೆ ಭಾರ, ಮುಂದೆ ಕಾರಣ ಅಂತ ಯಾರೂ ಕೇಳಿಲ್ಲ, ಆದರೂ ನನ್ನ ಕೈ ತಾನಾಗಿಯೇ ಬರೆಯಿತು, ಗ್ಯಾಸು. ಅರ್ಧ ಗಂಟೆ ಹಿಂದೆ ಮಗಳು ಫೋನು ಮಾಡಿದ್ದಳು, ದಿನಾ ಅದೇ ಹೊತ್ತಿಗೆ ಮಾಡುತ್ತಾಳೆ, ಬಸ್ಸಿನಲ್ಲಿ ಕೂತು ಪಾಠ ಹೇಳಲು ಶಾಲೆಗೆ ಹೋಗುವಾಗ, ಅವಳ ಶಾಲೆ ಇಲ್ಲಿಂದ ರೈಲಿನಲ್ಲಿ ಮೂರು ಗಂಟೆ, ನೆಲದಡಿ ಸಿಗ್ನಲ್ ಸಿಗುವುದಿಲ್ಲ ಅಂತ ಮೆಟ್ಟಿಲ ಮೇಲೆಯೇ ನಿಂತು ಮಾತಾಡಿದೆ, ಅಪ್ಪಾ ಹೇಗಿದೀರಿ, ನನಗೇನಮ್ಮಾ ಕಲ್ಲುಗುಂಡಿನ ಹಾಗಿದೀನಿ, ನಿದ್ದೆ ಬಂತಾ, ಬಂತು, ತಿಂಡಿ ಆಯ್ತಾ, ಆಯ್ತು, ದನಿ ಚೆನ್ನಾಗಿದೆಯಪ್ಪಾ ಇವತ್ತು, ದನಿ ಕೇಳಿದ್ರೆ ನಂಗೆ ಗೊತ್ತಾಗಿಬಿಡುತ್ತೆ, ಇಡ್ತೀನಿ, ಸ್ಟಾಪು ಬಂತು. ಎದೆಗೆ ಐದು ವೈರು ಕಟ್ಟಿಕೊಂಡು ಅವಳಿಗೆ ದನಿ ಕೊಟ್ಟೆ, ಹೇಳಬಹುದಿತ್ತು, ಬಾಯಿ ತನಕ ಬಂದಿತ್ತು, ಸ್ಟಾಪು ಬಂದುಬಿಟ್ಟಿತು, ನಾಳೆ ಹೇಳಿದರಾಯಿತು, ರಿಪೋರ್ಟು ಬರಲಿ, ಸುಮ್ಮನೆ ಯಾಕೆ ಗಾಬರಿ — ದನಿ ಕೇಳಿದರೆ ಗೊತ್ತಾಗಿಬಿಡುತ್ತದಂತೆ, ನನ್ನದೇ ಮಗಳು, ನನ್ನದೇ ಕಿವಿ.

ಕೂರಬೇಕು, ಬಕೆಟ್ಟು ಬೋರಲು ಹಾಕಿ ಅದರ ಮೇಲೆ, ಬೆನ್ನು ಗೋಡೆಗೆ, ಗೋಡೆ ಹಿತವಾಗಿದೆ, ಪಂಪು ಓಡುತ್ತಿದೆ, ನೀರು ಮೇಲೆ ಹೋಗುತ್ತಿದೆ, ಏಳು ಮಹಡಿ, ಇಪ್ಪತ್ತೆಂಟು ಮನೆ. ಕೂತರೆ ಹೋಗುತ್ತದೆ ಅಂದಿದ್ದಳು ಅವಳೂ, ಆಸ್ಪತ್ರೆಯವಳಲ್ಲ, ನನ್ನವಳು, ನಾಲ್ಕು ವರ್ಷದ ಹಿಂದೆ, ಎರಡನೇ ಮಹಡಿಯ ನಮ್ಮ ಮನೆಗೆ ಹತ್ತುವಾಗ ಅರ್ಧ ಮೆಟ್ಟಿಲಲ್ಲಿ ನಿಂತು, ನೀವು ಹೋಗ್ತಿರಿ, ಕೂತ್ಕೊಂಡ್ರೆ ಹೋಗುತ್ತೆ, ಏನು ಹೋಗುತ್ತೆ ಅಂತ ನಾನು ಕೇಳಲಿಲ್ಲ, ಒಂದು ವಾರ ಹಾಗೇ, ಹಾಸಿಗೆ ಮಡಿಸಿದರೆ ಸುಸ್ತು, ಬೆನ್ನಲ್ಲಿ ಎರಡು ಹೆಗಲ ಮೂಳೆಯ ನಡುವೆ ನೋವು, ದವಡೆ ನೋವು, ಎದೆ ನೋವು ಅಂತ ಒಂದು ದಿನವೂ ಅನ್ನಲಿಲ್ಲ, ಅಂದಿದ್ದರೆ ನಾನೂ ಹೆದರುತ್ತಿದ್ದೆ, ಹಲ್ಲಿನ ಡಾಕ್ಟರ ಹತ್ತಿರ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹೆಸರು ಬರೆಸಿ ಬಂದಿದ್ದಳು. ಅದರ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ತರಕಾರಿ ಚೀಲ ಬಾಗಿಲಲ್ಲೇ ಇಟ್ಟು ಕುರ್ಚಿಯಲ್ಲಿ ಕೂತಳು, ಮುಖ ಸುಣ್ಣದ ಹಾಗೆ, ಹಣೆಯಲ್ಲಿ ಬೆವರು, ವಾಂತಿ ಬರೋ ಹಾಗಾಗ್ತಿದೆ ರೀ, ಏನೂ ಬೇಡ, ಒಂಚೂರು ನೀರು ಕೊಡಿ, ನೀರು ಕೊಟ್ಟೆ, ಮತ್ತೆ ನಾನು — ನನಗೆ ಗೊತ್ತಿದ್ದ ಒಂದೇ ವಿದ್ಯೆ ಮಾಡಿದೆ, ಮಂಡಿಯೂರಿ ಕೂತು ಅವಳ ಎದೆಗೆ ಎಡಕಿವಿ ಇಟ್ಟೆ, ಅವಳು ನಕ್ಕಳು, ಏನ್ರೀ ಇದು, ನಾನೇನು ನಿಮ್ಮ ಪಂಪಾ, ಶ್, ಮಾತಾಡಬೇಡ ಅಂದೆ, ಕಣ್ಣು ಮುಚ್ಚಿದೆ, ಕೇಳಿದೆ, ಒಂದು ನಿಮಿಷ ಪೂರ್ತಿ, ಲಬ್ ಡಬ್ ಲಬ್ ಡಬ್, ಸ್ವಲ್ಪ ಜೋರು, ಆದರೆ ಒಂದೇ ಸಮ, ಒಂದು ಬಡಿತ ತಪ್ಪಿಲ್ಲ, ಮರಳಿಲ್ಲ, ನುಣ್ಣಗೆ ಓಡುತ್ತಿತ್ತು, ಎಂಥಾ ಸಮಾಧಾನ ಆಯಿತು ನನಗೆ. ಸದ್ದು ಸರಿಯಾಗಿದೆ ಕಣೇ, ಇನ್ನೂ ನಲವತ್ತು ವರ್ಷ ಓಡುತ್ತೆ ಇದು, ಗ್ಯಾಸು ಅಷ್ಟೇ, ಮಲ್ಕೋ.

ತಲೆ ಎತ್ತುವಾಗ ಕಿವಿ ಚುರ್ ಅಂತು, ಅವಳ ಸ್ವೆಟರಿನ ಮೇಲಿನ ಗುಂಡಿ ಬಿದ್ದು ತಿಂಗಳಾಗಿತ್ತು, ಅಲ್ಲಿ ಸೇಫ್ಟಿ ಪಿನ್ನು ಹಾಕಿಕೊಂಡಿದ್ದಳು, ಅದರ ಬಾಯಿ ಬಿಟ್ಟಿತ್ತು, ಕಿವಿಯ ಹಾಲೆಗೆ ಗೀರಿ ರಕ್ತ ಬಂತು, ಒಂದು ಹನಿ, ಅಯ್ಯೋ ಬನ್ನಿ ಇಲ್ಲಿ, ನಿಮ್ಮ ಡಾಕ್ಟರಿಕೆಗೆ ಬೆಂಕಿ ಬೀಳಲಿ ಅಂತ ನನ್ನನ್ನು ಹತ್ತಿರ ಎಳೆದು ಹೆಬ್ಬೆರಳಿನಿಂದ ಒತ್ತಿ ಹಿಡಿದಳು, ರಕ್ತ ನಿಲ್ಲುವವರೆಗೆ ಬಿಡಲಿಲ್ಲ, ಎರಡು ನಿಮಿಷ ಇರಬಹುದು, ನಾನು ಅವಳ ಕುರ್ಚಿಯ ಪಕ್ಕ ಮಂಡಿಯೂರಿಕೊಂಡೇ ಇದ್ದೆ, ಅವಳು ಬೆವರುತ್ತಾ ನನ್ನ ಕಿವಿ ನೋಡಿಕೊಳ್ಳುತ್ತಿದ್ದಳು, ಆ ಹೆಬ್ಬೆರಳು ತಣ್ಣಗಿತ್ತು. ತಣ್ಣಗೆ, ಒದ್ದೆ. ಆಗಲೇ ಫೋನು ಬಂತು, ಯಾವುದೋ ಕಟ್ಟಡದಲ್ಲಿ ಪಂಪು ನಿಂತುಬಿಟ್ಟಿದೆ ಅಂತ, ಹೋಗಿ ಬನ್ನಿ, ನಾನು ಮಲಗ್ತೀನಿ ಅಂದಳು, ಹೋದೆ, ಒಂದೂವರೆ ಗಂಟೆ, ಅಲ್ಲೂ ಇದೇ ಸ್ಕ್ರೂಡ್ರೈವರು ಇದೇ ಕಿವಿಗೆ, ಗೀರಿದ ಜಾಗಕ್ಕೆ ಹಿಡಿ ತಗುಲಿ ಉರಿಯುತ್ತಿತ್ತು, ಬಂದಾಗ ಕುರ್ಚಿಯಲ್ಲೇ ಇದ್ದಳು, ಮಲಗಿರಲಿಲ್ಲ, ಕರೆದರೆ ಏಳಲಿಲ್ಲ, ತರಕಾರಿ ಚೀಲ ಬಾಗಿಲಲ್ಲೇ ಇತ್ತು. ಆಸ್ಪತ್ರೆಯ ಕೈತೊಳೆಯುವ ಜಾಗದಲ್ಲಿ ಒಂದು ಕನ್ನಡಿ, ಅದರಲ್ಲಿ ನನ್ನ ಕಿವಿಯ ಮೇಲೆ ಅಕ್ಕಿಕಾಳಿನಷ್ಟು ಒಣಗಿದ ರಕ್ತ, ಅದರ ಸುತ್ತ ಅವಳ ಹೆಬ್ಬೆರಳು ಒರೆಸಿದ ಗುರುತು, ಅದನ್ನು ತೊಳೆಯದೆ ಮೂರು ದಿನ ಇಟ್ಟುಕೊಂಡಿದ್ದೆ, ಇದನ್ನು ಮಗಳಿಗೂ ಹೇಳಿಲ್ಲ.

ಅಲ್ಲಿನ ಡಾಕ್ಟರು ವಯಸ್ಸಾದವರು, ನನ್ನನ್ನು ಬೆಂಚಿನ ಮೇಲೆ ಕೂರಿಸಿ ತಾವೂ ಕೂತರು, ಸದ್ದು ಸರಿಯಾಗಿತ್ತಲ್ಲ ಸಾರ್, ನಾನೇ ಕೇಳಿದೆನಲ್ಲ ಅಂತ ನಾನು ಅದೊಂದನ್ನೇ ಹೇಳುತ್ತಿದ್ದೆ, ಅವರು ಬೈಯಲಿಲ್ಲ, ಸರಿಯಾಗೇ ಇದ್ದಿರುತ್ತೆ ಕಣಪ್ಪಾ ಅಂದರು, ಹೃದಯ ಮೈಗೆಲ್ಲ ರಕ್ತ ಕೊಡುತ್ತೆ, ಅದಕ್ಕೂ ಊಟ ಬೇಕಲ್ಲ, ಅದರ ಊಟ ಬರೋದು ಅದರ ಮೈಮೇಲೇ ಹರಿಯೋ ಸಣ್ಣ ಸಣ್ಣ ನಾಳದಲ್ಲಿ, ಅದರಲ್ಲೊಂದು ಕಟ್ಟಿಕೊಂಡಿತ್ತು, ಕಟ್ಟಿಕೊಂಡ ಮೇಲೂ ಹೃದಯ ಸುಮಾರು ಹೊತ್ತು ತಾಳ ತಪ್ಪದೆ ಬಡಿಯಬಹುದು, ಕಿವಿಗೆ ಅದು ಕೇಳಿಸಲ್ಲ, ನನ್ನ ಕಿವಿಗೂ ಕೇಳಿಸಲ್ಲ, ಹೆಂಗಸರಲ್ಲಿ ಎಷ್ಟೋ ಸಲ ಎದೆ ನೋವೇ ಇರಲ್ಲ, ದವಡೆ, ಬೆನ್ನು, ಸುಸ್ತು, ವಾಂತಿ ಬಂದ ಹಾಗೆ, ಬೆವರು, ಇಷ್ಟೇ. ಗೋಡೆಯೊಳಗೆ ವೈರು ಸುಡುತ್ತಿರುತ್ತದೆ, ಮೋಟಾರು ಕೊನೆಯ ಕ್ಷಣದ ತನಕ ಹಾಡುತ್ತಲೇ ಇರುತ್ತದೆ, ಇದನ್ನು ನಾನು ಎಷ್ಟು ಕಟ್ಟಡಗಳಲ್ಲಿ ನೋಡಿಲ್ಲ, ಅದಕ್ಕೇ ಅಲ್ಲವೇ ನಾವು ಕೇಳುವುದಷ್ಟೇ ಅಲ್ಲ, ಮುಟ್ಟಿ ನೋಡುವುದು, ವೈರು ಬಿಸಿಯಾಗಿದೆಯೇ, ಬಿಸಿನೀರಿನ ಪೈಪಿನ ಕೊನೆ ತಣ್ಣಗಿದೆಯೇ, ತಣ್ಣಗಿದ್ದರೆ ನಡುವೆ ಎಲ್ಲೋ ತಡೆ, ಕಲಿಯಲು ಬಂದವರಿಗೆ ಮೊದಲನೇ ದಿನ ಹೇಳುವ ಮಾತು ಅದು, ಸದ್ದು ಮೋಸ ಮಾಡುತ್ತೆ, ಕೈ ಇಟ್ಟು ನೋಡು. ಕೈ ಇಡಬೇಕಾಗಿಯೂ ಇರಲಿಲ್ಲ, ಅವಳೇ ಇಟ್ಟಿದ್ದಳು, ನನ್ನ ಕಿವಿಯ ಮೇಲೆ, ಎರಡು ನಿಮಿಷ.

ಒಂಬತ್ತು ಮೂವತ್ತೊಂದು, ಕೂತು ಐದು ನಿಮಿಷ ಆಯಿತು, ಭಾರ ಇಳಿದಿಲ್ಲ, ಪೆಟ್ಟಿಗೆ ಎದೆಯ ಮೇಲೇ ಇದೆ, ಅದರ ಮೇಲೆ ಯಾರೋ ಕೂತಿದ್ದಾರೆ, ಎಡಗೈ ಮೊಣಕೈ ತನಕ ಮರದ ಹಾಗೆ, ಅಂಗಿ ಬೆನ್ನಿಗೆ ಅಂಟಿದೆ, ಇಲ್ಲಿ ಸೆಕೆ ಇಲ್ಲ, ಇದು ಈ ಕಟ್ಟಡದಲ್ಲೇ ತಂಪಾದ ಜಾಗ. ಮಣಿಕಟ್ಟಿಗೆ ಎರಡು ಬೆರಳಿಟ್ಟು ನೋಡಿದೆ, ಬಡಿಯುತ್ತಿದೆ, ಒಂದೇ ಸಮ, ಒಂದೂ ತಪ್ಪಿಲ್ಲ — ಸರಿಯಾಗಿದೆ ಅನ್ನುವ ಮಾತು ಬಾಯಿಗೆ ಬಂತು, ನಾಲ್ಕು ವರ್ಷದಿಂದ ಹೇಳದ ಮಾತು, ಅದನ್ನು ಹೇಳಿಬಿಟ್ಟರೆ ಎದ್ದು ಉಪಕರಣ ಒರೆಸಿ ಪೆಟ್ಟಿಗೆಗೆ ತುಂಬುತ್ತೇನೆ, ಹದಿನಾಲ್ಕು ಮೆಟ್ಟಿಲು ಹತ್ತುತ್ತೇನೆ, ಸ್ಕೂಟರಿನಲ್ಲಿ ಹನ್ನೊಂದಕ್ಕೆ ಆಸ್ಪತ್ರೆ, ಹೇಗಿದ್ದರೂ ಅಲ್ಲಿಗೇ ಹೋಗುವವನಲ್ಲವೇ, ಒಂದೂವರೆ ಗಂಟೆ ತಾನೇ. ಒಂದೂವರೆ ಗಂಟೆ. ಹುಡುಗಿ ಕೊನೆಗೆ ಏನು ಹೇಳಿದಳು, ವೈರೆಲ್ಲ ಅಂಟಿಸಿಯಾಗಿ ನಾನು ಅಂಗಿ ಗುಂಡಿ ಹಾಕಿಕೊಳ್ಳುವಾಗ, ಅಂಕಲ್ ಒಂದು ಮಾತು, ಎದೆ ಹಿಡಿದುಕೊಂಡು ಬೆವರು ಬಂತು, ಕೂತ್ರೂ ಐದು ನಿಮಿಷಕ್ಕೆ ಬಿಡಲಿಲ್ಲ ಅಂದ್ರೆ ಈ ಬಟನ್ ಒತ್ಕೊಂಡು ಕೂತಿರಬೇಡಿ, ಇದು ಬರ್ಕೊಳ್ಳುತ್ತೆ ಅಷ್ಟೇ, ಯಾರನ್ನೂ ಕರೆಯಲ್ಲ, ನೀವು ಕರೀಬೇಕು, ಅಂಬುಲೆನ್ಸ್ ಕರೆಸಿ, ನೀವೇ ಗಾಡಿ ಓಡಿಸ್ಕೊಂಡು ಹೀರೋ ಥರ ಬರಬೇಡಿ.

ಗೋಡೆಯ ಮೇಲೆ ಇಂಟರ್‌ಕಾಮ್ ಇದೆ, ನಾಲ್ಕು ಹೆಜ್ಜೆ, ವಾಚ್‌ಮನ್ನಿಗೆ ನೇರ ಹೋಗುತ್ತದೆ, ಅವನಿಗೆ ಏನಂತ ಹೇಳಲಿ, ಗ್ಯಾಸೇ ಆಗಿದ್ದರೆ, ಅಂಬುಲೆನ್ಸು ಕೂಗಿಕೊಂಡು ಬಂದು, ಏಳು ಮಹಡಿಯವರೂ ಬಾಲ್ಕನಿಗೆ ಬಂದು, ತೇಗು ಬಂದು ಎಲ್ಲ ಸರಿಹೋದರೆ ಅವನು ವರ್ಷವಿಡೀ ಆಡಿಕೊಳ್ಳುತ್ತಾನೆ, ಆಡಿಕೊಳ್ಳಲಿ, ಆಡಿಕೊಳ್ಳಲು ನಾನಿರುತ್ತೇನಲ್ಲ. ಪುಸ್ತಕ ತೆಗೆದೆ, ಗ್ಯಾಸು ಅನ್ನುವುದರ ಮೇಲೆ ಗೀಟು ಹೊಡೆದೆ, ಗೋಡೆ ಹಿಡಿದುಕೊಂಡು ನಾಲ್ಕು ಹೆಜ್ಜೆ, ಎತ್ತಿದ ಕೂಡಲೇ ಅವನದೇ ಮಾತು, ಏನ್ ಪಂಪಣ್ಣ, ನೀರು ಬಿಟ್ರಾ, ನಾಲ್ಕನೇ ಮಹಡಿ ಅಮ್ಮ ಮೂರು ಸಲ ಫೋನ್ ಮಾಡಿದ್ರು, ತಲೆಗೆ ಸೋಪು ಹಾಕ್ಕೊಂಡು ನಿಂತಿದಾರಂತೆ, ಕಣ್ಣು ಉರೀತಿದೆಯಂತೆ, ನಿಮಗೇ ಶಾಪ ಹಾಕ್ತಿದಾರೆ — ನೀರು ಬಿಟ್ಟಿದೀನಿ, ಪಂಪು ಸರಿ ಇದೆ ಅಂದೆ, ಉಸಿರು ಸಾಲಲಿಲ್ಲ, ಮತ್ತೊಮ್ಮೆ ಎಳೆದುಕೊಂಡೆ, ನಾನು ಸರಿ ಇಲ್ಲ, ಹೃದಯದ್ದು, ಅಂಬುಲೆನ್ಸಿಗೆ ಹೇಳು, ಆಮೇಲೆ ಕೆಳಗೆ ಬಾ. ಅವನ ದನಿ ಬೇರೆಯೇ ಆಯಿತು, ಕೂತ್ಕೊಳ್ಳಿ ಅಣ್ಣಾ, ಮೆಟ್ಟಿಲು ಹತ್ತಬೇಡಿ, ಬಂದೆ. ಇಷ್ಟೇ, ಎಷ್ಟು ಸಣ್ಣ ಮಾತು, ಮೂವತ್ತು ಸೆಕೆಂಡೂ ಹಿಡಿಯಲಿಲ್ಲ, ಆ ಕುರ್ಚಿಯ ಪಕ್ಕದಲ್ಲೂ ಫೋನಿತ್ತು, ನನ್ನ ಕೈಯಲ್ಲೇ ಇತ್ತು.

ನೆಲದ ಮೇಲೆ ಕೂತಿದ್ದೇನೆ, ಬೆನ್ನು ಗೋಡೆಗೆ, ಮಂಡಿ ಮಡಿಸಿ, ಪಂಪು ಎಷ್ಟು ಚೆನ್ನಾಗಿ ಓಡುತ್ತಿದೆ, ನಾಲ್ಕನೇ ಮಹಡಿಯ ಅಮ್ಮ ತಲೆ ತೊಳೆದುಕೊಳ್ಳುತ್ತಿರಬೇಕು, ಮಗಳು ಹಾಜರಿ ಕರೆಯುತ್ತಿರಬೇಕು, ಅವಳಿಗೆ ಹೇಳಬೇಕು, ಎಲ್ಲವನ್ನೂ, ಪಿನ್ನಿನದನ್ನೂ, ದನಿ ನಂಬಬೇಡ ಕಣಮ್ಮಾ, ರಜೆಗೆ ಬಂದಾಗ ಕೈ ಹಿಡಿದು ನೋಡು ಅಂತ, ಹೇಳಲು ಹೊತ್ತಿದ್ದರೆ, ಇರುತ್ತದೆ, ಈ ಸಲ ಕರೆದಿದ್ದೇನಲ್ಲ, ಡಬ್ಬಿ ಎದೆಯ ಮೇಲೆ ತನ್ನ ಪಾಡಿಗೆ ಬರೆದುಕೊಳ್ಳುತ್ತಿದೆ, ಬರೆದುಕೊಳ್ಳಲಿ, ಒಂಬತ್ತು ಮೂವತ್ತಾರು, ಕಾಯುತ್ತಿದ್ದೆ. ಮೆಟ್ಟಿಲ ಮೇಲೆ ಬೂಟಿನ ಸದ್ದು, ಎರಡೆರಡು ಮೆಟ್ಟಿಲು ಒಟ್ಟಿಗೆ, ಬರ್ತಿದಾರೆ ಅಣ್ಣಾ, ಗೇಟು ತೆಗೆದಿಟ್ಟು ಬಂದೆ, ಹತ್ತು ನಿಮಿಷ ಅಂದ್ರು, ಕೇಳಿಸ್ತಾ, ವಾಚ್‌ಮನ್ ನನ್ನ ಪಕ್ಕ ಮಂಡಿಯೂರಿದ್ದಾನೆ, ನನ್ನ ಕೈ ತನ್ನ ಎರಡೂ ಕೈಯೊಳಗೆ ಹಿಡಿದುಕೊಂಡಿದ್ದಾನೆ, ಅಯ್ಯೋ ಪಂಪಣ್ಣ, ಕೈ ಯಾಕೆ ಇಷ್ಟು ತಣ್ಣಗಿದೆ ಅಂದ — ಅಂದ, ಮುಟ್ಟಿದ ಕೂಡಲೇ ಅಂದ, ಕಿವಿ ಇಡಲಿಲ್ಲ, ಕಣ್ಣು ಮುಚ್ಚಲಿಲ್ಲ, ಬೇರಿಂಗು ಅಂದರೇನು ಅಂತ ಗೊತ್ತಿಲ್ಲದವನು, ಮುಟ್ಟಿದ, ಅಂದ, ಯಾಕೆ ತಣ್ಣಗಿದೆ, ಅವತ್ತು ನಾನೂ ಅಷ್ಟೇ ಕೇಳಬೇಕಾಗಿದ್ದದ್ದು, ಯಾಕೆ ಇಷ್ಟು ತಣ್ಣಗಿದೆ ಕಣೇ ನಿನ್ನ ಬೆರಳು — ಕಿವಿಯ ಮೇಲೆ, ಎಡಕಿವಿಯ ಹಾಲೆಯ ಮೇಲೆ, ಒತ್ತಿ ಹಿಡಿದುಕೊಂಡಿದ್ದಾಳೆ, ಬಿಡುತ್ತಿಲ್ಲ, ಒದ್ದೆ, ತಣ್ಣಗೆ, ಅವಳ ಹೆಬ್ಬೆರಳು